ಪೈಪಿನೊಳಗೆ ನಿಲ್ಲಿಸಿದ ಕಡ್ಡಿ

ಕಂಪಲಾಪುರದ ನಮ್ಮ ಹೊಲದಲ್ಲಿ, ನೀರು ಸಾಗಿಸಲೆಂದು, ಒಳಗೆ ಬಗ್ಗಿ ನಡೆಯುವಷ್ಟು ದೊಡ್ಡ ಪ್ಲಾಸ್ಟಿಕ್ ಪೈಪನ್ನು ಎರಡಾಳು ಆಳಕ್ಕೆ ಹೂಳುತ್ತಿದ್ದರು. ಅಷ್ಟು ಮಣ್ಣು ಬಿದ್ದರೆ ಅಪ್ಪಚ್ಚಿಯಾಗುತ್ತದೆಂದು ನಾನು ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿಯ ಜೊತೆ ಜಗಳಕ್ಕೇ ನಿಂತೆ. ಆತ ಪೈಪಿನ ಎರಡೂ ಪಕ್ಕಕ್ಕೆ ಮಣ್ಣು ಹಾಕಿಸಿ, ಗುದ್ದಿಸಿ ದಮ್ಮಸ್ಸು ಮಾಡಿಸುತ್ತಿದ್ದ. ಪೈಪು ಕುಸಿದರೆ ತಿಳಿಯಲೆಂದು ನಾನು ಹೊಗೆಸೊಪ್ಪು ಕಟ್ಟುವ ಕಡ್ಡಿಯೊಂದನ್ನು ಪೈಪಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಒಳಗೆ ನೆಟ್ಟಗೆ ನಿಲ್ಲಿಸಿ ಬಂದೆ.

ಗುಂಡಿ ಮುಚ್ಚಿ ವಾರವಾದ ಮೇಲೆ ಇಬ್ಬರೂ ಟಾರ್ಚ್ ಹಿಡಿದು ಪೈಪಿನ ತೆರೆದ ಬಾಯಿಂದ ಒಳಗೆ ಹೋದೆವು. ಕಡ್ಡಿ ಬಿಲ್ಲಿನಂತೆ ಬಾಗಿತ್ತು.

"ನೋಡಿದ್ರಾ, ಕುಸಿದದೆ!" ಎಂದೆ.

"ಅದ್ನೇ ಅಡ್ಡಕ್ಕೆ ಮಡಗಿ ನೋಡಿ," ಎಂದ ಮೇಸ್ತ್ರಿ.

ಕಿತ್ತ ಕೂಡಲೇ ಕಡ್ಡಿ ನೆಟ್ಟಗಾಯಿತು; ಅಡ್ಡ ಹಿಡಿದರೆ ಪೈಪಿನ ಅಗಲಕ್ಕೆ ಎರಡು ಬೆರಳು ಸಾಲದಾಯಿತು.

"ಮ್ಯಾಲಿನ ಭಾರಕ್ಕೆ ಪೈಪು ಪಕ್ಕಕ್ಕೆ ಉಬ್ಬತದೆ. ಪಕ್ಕದ ಮಣ್ಣು ಬಿಗಿಯಾಗಿದ್ರೆ ಅಷ್ಟಕ್ಕೇ ನಿಲ್ತದೆ ಕಣ್ರೀ."

ನಾನು ಮೇಲಿನ ಮಣ್ಣನ್ನೇ ನೋಡಿ ಜಗಳವಾಡಿದ ಅಷ್ಟೂ ಹೊತ್ತು ಆತ ಪಕ್ಕದ್ದನ್ನು ಗುದ್ದಿಸುತ್ತಿದ್ದ.