ಚೀಲ ಹಿಡಿದು ನಿಂತ ಫೋಟೋ

ಇಲ್ಲಿ ಗಲ್ಫಿನಲ್ಲಿ ವಾರದ ರಜೆ ಶುಕ್ರವಾರ. ಅಂದು ಬೆಳಿಗ್ಗೆ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ನಾವು ಏಳೆಂಟು ಜನ ಎರಡು ಕಾರುಗಳಲ್ಲಿ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುತ್ತೇವೆ. ಅಲ್ಲಿನ ಒಂದು ಲೇಬರ್ ಕ್ಯಾಂಪಿನಲ್ಲಿ ನಮ್ಮ ಉತ್ತರ ಕರ್ನಾಟಕದ ಕೆಲಸಗಾರರು ಬಹಳ ಇದ್ದಾರೆ. ಬೈಬಲ್ ಕಾರಿನಲ್ಲೇ ಉಳಿಯುತ್ತದೆ. ಅಲ್ಲಿ ಬೋಧನೆ ಮಾಡುವಂತಿಲ್ಲ, ನಾವು ಮಾಡುವುದೂ ಇಲ್ಲ. ಜ್ವರ ಬಂದವರನ್ನು ಕ್ಲಿನಿಕ್ಕಿಗೆ ಕರೆದೊಯ್ಯುವುದು, ಅರ್ಜಿ ತುಂಬಿಕೊಡುವುದು, ಜೊತೆಗೆ ಕೂತು ಚಹಾ ಕುಡಿಯುವುದು, ನಮ್ಮ ಸೇವೆ ಇಷ್ಟೇ. ಡಿಸೆಂಬರಿನಲ್ಲಿ ಮಾತ್ರ ತಲೆಗೊಂದು ಚೀಲ ಕೊಡುತ್ತೇವೆ. ಅದರಲ್ಲೊಂದು ಹೊದಿಕೆ, ಸ್ವೆಟರು, ಸಾಬೂನು.

ಚೀಲ ಕೊಡುವಾಗ ಫೋಟೋ ತೆಗೆಯುವುದು ರೂಢಿ. ಮೊಬೈಲು ಹಿಡಿಯುವವರು ಮಂಗಳೂರಿನ ಕಡೆಯವರಾದ ನಮ್ಮ ಸಭೆಯ ಹಿರಿಯರು. ಕ್ರಿಸ್‌ಮಸ್ ಕೂಟದಲ್ಲಿ ಪರದೆಯ ಮೇಲೆ ತೋರಿಸಿದರೆ ಕೊಟ್ಟವರಿಗೆ ಸಮಾಧಾನ.

ಹೋದ ಡಿಸೆಂಬರಿನಲ್ಲಿ ಕಂಬಿ ಕಟ್ಟುವ ಕೆಲಸದ ಬಾಗಲಕೋಟೆಯವನೊಬ್ಬ, ಚೀಲಕ್ಕೆ ಚಾಚಿದ ಕೈಯನ್ನು ಮೊಬೈಲು ಕಂಡದ್ದೇ ಹಿಂದಕ್ಕೆಳೆದುಕೊಂಡ.

“ಬ್ಯಾಡ್ರಿ ಅಕ್ಕಾರ. ಚೀಲ ನಿಮ್ಮ ಕಡೀನ ಇರ್ಲಿ.”

“ಯಾಕ್ರಿ?”

“ಫೋಟೋ ವಾಟ್ಸಾಪಿನಾಗ ಊರು ಮುಟ್ಟತೈತ್ರಿ. ಹೋದ ಸಲ ನಮ್ಮ ರೂಮಿನವ ರಜಾಕ್ಕ ಊರಿಗೆ ಹೋಗೂದಕ್ಕಿಂತ ಮೊದಲ ಅವನ ಫೋಟೋ ಅವನ ಮಾವನ ಮನ್ಯಾಗಿತ್ತು.”

ಸುತ್ತಲಿದ್ದವರು ನಕ್ಕರು. ಆತ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ಮಗಳು ಎರಡನೇ ಪಿಯುಸಿ. ಬಿ.ಎಸ್ಸಿ. ಓದಲು ಧಾರವಾಡದ ಹಾಸ್ಟೆಲಿಗೆ ಹೋಗಬೇಕೆಂದು ಕೂತಿದ್ದಾಳೆ. ಊರಲ್ಲಿ ಮನೆ ನೋಡಿಕೊಳ್ಳುವ ಆತನ ಅಣ್ಣ ಆಗಲೇ ಗಂಡು ಹುಡುಕುತ್ತಿದ್ದಾನೆ.

“ನಾ ಓದಸ್ತೀನಿ ಅಂತ ಇಲ್ಲಿಂದ ಗಟ್ಟಿಯಾಗಿ ಹೇಳೀನ್ರಿ. ಚೀಲ ಹಿಡಿದು ನಿಂತದ್ದ ನಮ್ಮಣ್ಣ ನೋಡಿದರ ಮುಗೀತು. ಮಂದಿ ಕೊಟ್ಟ ಹೊದಿಕಿ ಹೊದ್ಕೊಳ್ಳಾಂವ ಮಗಳನ್ನೇನ ಓದಸ್ತಾನ ಅಂತ ಮದುವಿ ಗೊತ್ತ ಮಾಡೇಬಿಡ್ತಾನ.”

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಗದಗಿನಲ್ಲಿ ಅವ್ವ ಮನೆಮನೆಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದಳು. ಮಿಶನ್ ಹಾಸ್ಟೆಲ್ ಇರದಿದ್ದರೆ ನಾನೂ ಅವಳ ಹಿಂದೆಯೇ ಹೋಗುತ್ತಿದ್ದೆ. ಹಾಸ್ಟೆಲಿನಲ್ಲಿ ವರ್ಷಕ್ಕೊಮ್ಮೆ ನಮ್ಮ ಫೋಟೋ ತೆಗೆದು, ನಮ್ಮನ್ನು ಓದಿಸುತ್ತಿದ್ದ ಪರದೇಶದವರಿಗೆ ಕಳಿಸುತ್ತಿದ್ದರು. ಆ ದಿನಕ್ಕೆಂದೇ ಒಂದು ನೀಲಿ ಫ್ರಾಕು ಇತ್ತು. ಒಬ್ಬಳು ಬಿಚ್ಚಿಕೊಟ್ಟರೆ ಇನ್ನೊಬ್ಬಳು ತೊಡಬೇಕು. ನನಗೆ ಅದು ಮೊಣಕಾಲಿನಿಂದ ಕೆಳಗೆ ಜೋಲುತ್ತಿತ್ತು. ಎದೆಯ ಮುಂದೆ ನಂಬರು ಬರೆದ ಸ್ಲೇಟು. ಆ ಫೋಟೋದಿಂದಲೇ ಓದಿದೆ, ಸುಳ್ಳೇಕೆ ಹೇಳಲಿ? ಆದರೆ ನನ್ನ ಮಕ್ಕಳಿಗೆ ಇಂದಿಗೂ ಅದನ್ನು ತೋರಿಸಿಲ್ಲ.

ಹಾಗಿದ್ದೂ ಮೂರು ವರ್ಷ ಈ ಜನರನ್ನು “ಈ ಕಡೆ ನೋಡ್ರಿ, ಸ್ವಲ್ಪ ನಗ್ರಿ” ಎಂದು ಸಾಲಾಗಿ ನಿಲ್ಲಿಸಿದವಳು ನಾನೇ.

“ಫೋಟೋ ಬ್ಯಾಡ ಅಂಕಲ್” ಎಂದೆ.

“ಎಂತ ಮಾರಾಯ್ತಿ ನಿನ್ನದು? ಫೋಟೋ ಇಲ್ಲದಿದ್ರೆ ಕೊಟ್ಟವರಿಗೆ ಎಂತ ತೋರಿಸುದು? ನನ್ನ ಬೋಳು ತಲೆಯಾ?”

“ನಂದ ತೆಗೀರಿ. ನಂಗ ರೂಢಿ ಐತಿ.”

ಚೀಲ ಎದೆಗವಚಿಕೊಂಡು ನೆಟ್ಟಗೆ ನಿಂತೆ. ಯಾರೋ ಸೀಟಿ ಹೊಡೆದರು. “ಅಕ್ಕಾರ, ಸ್ವಲ್ಪ ನಗ್ರಿ!” ಎಂದು ಕೂಗಿದವನು ಆ ಬಾಗಲಕೋಟೆಯವನೇ. ಹಿರಿಯರು ಗೊಣಗುತ್ತ ಒಂದು ತೆಗೆದು, “ಖಲಾಸ್” ಎಂದು ಮೊಬೈಲನ್ನು ಜೇಬಿಗಿಳಿಸಿದರು. ಆ ವರ್ಷ ಪರದೆಯ ಮೇಲೆ ಬಂದದ್ದು ಅದೊಂದೇ.

ಆತ ಚೀಲ ತೆಗೆದುಕೊಂಡ. ಆಮೇಲೆ, “ನಮ್ಮಣ್ಣನ ಜೋಡಿ ನೀವೊಂದ ಮಾತಾಡ್ರಿ” ಎಂದ. ಅಲ್ಲೇ ಅವನ ಮಂಚದ ತುದಿಯಲ್ಲಿ ಕೂತು ವಿಡಿಯೊ ಕಾಲ್ ಮಾಡಿದೆವು.

“ಹಾಸ್ಟೆಲ್‌ನಾಗ ಹುಡುಗ್ಯಾರು ಕೆಡ್ತಾರಂತಲ್ರಿ?” ಎಂದ ಅಣ್ಣ.

“ನಾ ಹನ್ನೆರಡ ವರ್ಷ ಹಾಸ್ಟೆಲ್‌ನಾಗ ಇದ್ದಾಕಿ. ಎಲ್ಲಿ ಕೆಟ್ಟೀನಿ, ನೀವ ನೋಡಿ ಹೇಳ್ರಿ.”

 ಅವನ ಹಿಂದೆ ಎಲ್ಲೋ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅಣ್ಣ ಒಪ್ಪಲಿಲ್ಲ, “ರಿಸಲ್ಟ್ ಬರ್ಲಿ, ನೋಡೂಣು” ಎಂದಷ್ಟೇ ಹೇಳಿದ. ರಿಸಲ್ಟ್ ಬರುವ ತನಕ ನಾನೂ ಬಿಡಲಿಲ್ಲ. ತಿಂಗಳಿಗೊಮ್ಮೆಯಾದರೂ ಆ ಮಂಚದ ತುದಿಯಲ್ಲಿ ಕೂತು ಫೋನಿನಲ್ಲಿ ಆ ಅಣ್ಣನೊಡನೆ ವಾದಿಸಿದೆ.

ಆಗಸ್ಟಿನ ಒಂದು ಶುಕ್ರವಾರ ಆತ ಆ ಸುಡುಬಿಸಿಲಿನಲ್ಲಿ ಕ್ಯಾಂಪಿನ ಗೇಟಿಗೇ ಬಂದು ಕಾಯುತ್ತಿದ್ದ. ಮೊಬೈಲಿನಲ್ಲಿ ಮಗಳ ಫೋಟೋ. ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದಾಳೆ, ಪಕ್ಕದಲ್ಲಿ ಅವಳ ಟ್ರಂಕು ಹಿಡಿದ ದೊಡ್ಡಪ್ಪ. ಮುಖ ಗಂಟಿಕ್ಕಿಕೊಂಡಿದ್ದರೂ ಟ್ರಂಕು ಅವನ ಕೈಯಲ್ಲೇ ಇದೆ. ನಾನು ಹುಡುಗಿಯ ಹಳದಿ ಚೂಡಿದಾರವನ್ನೇ ನೋಡಿದೆ. ಅವಳ ಅಳತೆಗೇ ಹೊಲಿಸಿದ್ದು.

ಆತ ಮೊಬೈಲನ್ನು ಹಿರಿಯರ ಮುಂದೆ ಹಿಡಿದ. “ಸಾಹೇಬ್ರ, ಈ ಫೋಟೋ ಬೇಕಾದ್ರ ನಿಮ್ಮ ಚರ್ಚ್‌ನಾಗ ತೋರಸ್ರಿ.”

ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಬೇಡ ಮಾರಾಯ, ನಿನ್ನ ಹತ್ರವೇ ಇರ್ಲಿ” ಎಂದರು. ನಾಲ್ಕು ಹೆಜ್ಜೆ ಮುಂದೆ ಹೋದವರು ತಿರುಗಿ ಬಂದರು. “ನನಗೊಂದು ಕಳಿಸು ಆಯ್ತಾ. ತೋರಿಸ್ಲಿಕ್ಕಲ್ಲ, ಸುಮ್ನೆ.”