ಹದಿನೇಳನೇ ನಂಬರಿನ ಸ್ಪ್ಯಾನರ್

ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಜಾತಿಯವನು ನಾನು. ಗ್ಯಾಸಿನ ಗುಂಡಿ, ನೀರಿನ ನಲ್ಲಿ, ಸ್ಕೂಟರಿನ ಸ್ಟ್ಯಾಂಡು, ಯಾವುದನ್ನೂ ಒಂದೇ ಸಲಕ್ಕೆ ನಂಬುವುದಿಲ್ಲ. ಬಸ್ ಸ್ಟಾಪಿನವರೆಗೆ ಹೋದವನು ಗ್ಯಾಸ್ ನೋಡಲು ತಿರುಗಿ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತು, "ಆಫ್ ಮಾಡಿದೀನಿ ರೀ, ಬೇಕಾದ್ರೆ ಸಿಲಿಂಡರ್ ತಲೆ ಮೇಲೆ ಹೊತ್ಕೊಂಡು ಆಫೀಸಿಗೆ ಹೋಗಿ" ಎನ್ನುತ್ತಾಳೆ. ನಾನೂ ನಗುತ್ತೇನೆ. ಆದರೆ ಇದು ನನ್ನ ಹುಟ್ಟುಗುಣವಲ್ಲ. ಬಿಗಿ ಮಾಡದೆ ಬಿಟ್ಟ ಒಂದೇ ಒಂದು ನಟ್ಟಿನಿಂದ ಬಂದದ್ದು.

ಎಪ್ಪತ್ತರ ದಶಕದಲ್ಲಿ ನಾನು ಶಂಕರಪುರಂನಲ್ಲಿ ಅಕ್ಕ-ಭಾವನ ಜೊತೆಗಿದ್ದೆ. ನನಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ. ಭಾವನದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ಅವರಿಗೆ ಮಕ್ಕಳಿರಲಿಲ್ಲ. ಇದ್ದದ್ದು ಒಂದು ಹಳೆಯ ಜರ್ಮನ್ ಕಾರು. ಎರಡೇ ಬಾಗಿಲು, ಹಿಂದಕ್ಕೆ ಜಾರಿದ ಬೆನ್ನು, ಮಾಸಿದ ತಿಳಿಹಸಿರು ಬಣ್ಣ. ಊರು ಬಿಟ್ಟು ಹೋದ ಯಾರೋ ಜರ್ಮನ್ ಇಂಜಿನಿಯರನದಂತೆ. ಕುಮಾರ ಪಾರ್ಕಿನ ಒಂದು ಕಾಂಪೌಂಡಿನಲ್ಲಿ ಮರದ ಕೆಳಗೆ ಎಲೆ ಹೊದ್ದು ಮಲಗಿದ್ದನ್ನು ಭಾವ ಕೊಂಡು, ಎತ್ತಿನ ಗಾಡಿಯ ಹಿಂದೆ ಕಟ್ಟಿಸಿ ಎಳೆಸಿಕೊಂಡು ಬಂದಿದ್ದರು. ಅಕ್ಕ ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು ಕಾರನ್ನೂ ಎತ್ತುಗಳನ್ನೂ ನೋಡಿ, ಎತ್ತುಗಳಿಗೆ ಕುಂಕುಮ ಹಚ್ಚಿ ಒಳಗೆ ಹೋದಳು.

ಅದರ ಇಂಜಿನ್ ಇದ್ದದ್ದು ಹಿಂದೆ. ಮುಂದಿನ ಮುಚ್ಚಳ ಎತ್ತಿದರೆ ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ, ಅಷ್ಟೆ. ದಾರಿಹೋಕರು ಇಣುಕಿ, "ಇಂಜಿನ್ನೇ ಇಲ್ವಲ್ಲ ಸಾರ್" ಎಂದು ಕನಿಕರ ಪಡುತ್ತಿದ್ದರು. "ಹೌದಪ್ಪ, ದೇವರು ನಡೆಸಿದಂಗೆ ನಡೀತಿದೆ" ಎನ್ನುತ್ತಿದ್ದರು ಭಾವ. ಹೆಸರಿಗೆ ಅದು ಸ್ಪೋರ್ಟ್ಸ್ ಕಾರು. ಭಾವ ಓಡಿಸುವಾಗ ಸೈಕಲ್ಲಿನವರು ಬೆಲ್ ಹೊಡೆದು ಮುಂದೆ ಹೋಗುತ್ತಿದ್ದರು. ವೇಗದ ಮುಳ್ಳು ಮೂವತ್ತು ದಾಟಿದರೆ ಅವರಿಗೇ ಬೆವರು ಬರುತ್ತಿತ್ತು. ಅವರಿಗೆ ಬೇಕಿದ್ದದ್ದು ಓಡಿಸುವುದಲ್ಲ, ರಿಪೇರಿ ಮಾಡುವುದು. ಭಾನುವಾರ ಬಂತೆಂದರೆ ನಾವಿಬ್ಬರೂ ಬನಿಯನ್ನಿನಲ್ಲಿ ಶೆಡ್ಡು ಸೇರಿದರೆ ಊಟಕ್ಕೆ ಅಕ್ಕ ನಾಲ್ಕು ಸಲ ಕೂಗಬೇಕು.

ಏನೇನು ಕೆಲಸ ಆಗಬೇಕೆಂಬುದನ್ನು ಭಾವ ಅಚ್ಚು ಕೆಟ್ಟ ಲಗ್ನಪತ್ರಿಕೆಗಳ ಹಿಂದೆ ಬರೆಯುತ್ತಿದ್ದರು. ಒಂದು ಬದಿಯಲ್ಲಿ ಯಾರದೋ ಚಿರಂಜೀವಿ ಸೌಭಾಗ್ಯವತಿಯ ಮದುವೆ, ಇನ್ನೊಂದು ಬದಿಯಲ್ಲಿ "ಕ್ಲಚ್ ಕೇಬಲ್, ಎಡ ದೀಪ". ಮುಗಿದ ಕೆಲಸದ ಮುಂದೆ ಕೆಂಪು ಪೆನ್ಸಿಲಿನಲ್ಲಿ ಗೀಟು. ಗಾಡಿ ಶುರು ಮಾಡುವ ಮೊದಲು ಉಂಗುರದ ಬೆರಳಿನಿಂದ ಸ್ಟೇರಿಂಗಿನ ಹಿಂದಿನ ತಗಡಿಗೆ ಎರಡು ಸಲ ಟಕ್ ಟಕ್ ಎಂದು ಬಡಿದು, "ಏಳಪ್ಪಾ, ಬೆಳಗಾಯ್ತು" ಎನ್ನುವುದು ಅವರ ರೂಢಿ. ಆ ಸದ್ದು ಕೇಳಿದರೆ ಅಕ್ಕನಿಗೆ ಅಡುಗೆಮನೆಯಲ್ಲೇ ತಿಳಿಯುತ್ತಿತ್ತು, ಇನ್ನು ಅರ್ಧ ಗಂಟೆ ಮನೆ ಹೊಗೆ ಎಂದು.

ಒಂದು ವರ್ಷ ಆಯುಧ ಪೂಜೆಯ ಹಿಂದಿನ ದಿನ ನಾನು ಮೊದಲ ಸಲ ಒಬ್ಬನೇ ಕಾರಿನ ಕೆಳಗೆ ಮಲಗಿದ್ದೆ. ಸ್ಟೇರಿಂಗಿನಿಂದ ಮುಂದಿನ ಚಕ್ರಕ್ಕೆ ಹೋಗುವ ಸರಳಿನ ಕೀಲು ಸವೆದಿತ್ತು. ಹೊಸದನ್ನು ಜೆ.ಸಿ. ರಸ್ತೆಯ ಅಂಗಡಿಗಳಲ್ಲೆಲ್ಲ ಸುತ್ತಿ ಹುಡುಕಿ ತಂದಿದ್ದೆ. ಹಬ್ಬದ ಸಾಮಾನಿಗೆ ಭಾವ ಗಾಂಧಿ ಬಜಾರಿಗೆ ಹೋಗಿದ್ದರು. ಕೀಲು ಕೂರಿಸಿ, ನಟ್ಟನ್ನು ಕೈಯಲ್ಲೇ ತಿರುಗಿಸಿ ಹತ್ತಿಸಿದೆ. ಇನ್ನು ಹದಿನೇಳನೇ ನಂಬರಿನ ಸ್ಪ್ಯಾನರಿನಿಂದ ಬಿಗಿ ಮಾಡಿ, ನಟ್ಟು ಕಳಚದ ಹಾಗೆ ಅಡ್ಡಕ್ಕೊಂದು ಪಿನ್ನು ಹಾಕಿದರೆ ಮುಗಿಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಬೆಳಿಗ್ಗೆ ಮಾಡಿದರಾಯಿತೆಂದು ಪಿನ್ನನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಎದ್ದೆ.

ಬಾಳೆಕಂದು ಹೊತ್ತು ಬಂದ ಭಾವ, "ಏನಯ್ಯಾ, ಮುಗೀತಾ?" ಎಂದರು.

"ಮುಗೀತು ಭಾವ" ಎಂದೆ.

ಒಂಟಿಯಾಗಿ ಮಾಡಿದ ಮೊದಲ ಕೆಲಸ. ಇನ್ನೊಂದು ಚೂರು ಬಾಕಿ ಇದೆ ಎನ್ನಲು ಬಾಯಿ ಬರಲಿಲ್ಲ. ಅವರು ಬೆನ್ನು ತಟ್ಟಿ, ಲಗ್ನಪತ್ರಿಕೆ ಹುಡುಕಿ, ಮೇಣದಬತ್ತಿಯ ಬೆಳಕಿನಲ್ಲಿ ಕೆಂಪು ಗೀಟು ಎಳೆದರು.

ಬೆಳಿಗ್ಗೆ ನಾನೇಳುವಷ್ಟರಲ್ಲಿ ಅಕ್ಕ ಮನೆಯ ಸಾಮಾನನ್ನೆಲ್ಲ ತೊಳೆದು ದೇವರ ಮುಂದೆ ಜೋಡಿಸಿಬಿಟ್ಟಿದ್ದಳು. ಈಳಿಗೆಮಣೆ, ಕತ್ತರಿ, ಭಾವನ ಅಂಗಡಿಯ ಅಚ್ಚಿನ ಮೊಳೆಗಳು, ಕಾರಿನ ಜೊತೆಗೇ ಬಂದಿದ್ದ ಸ್ಪ್ಯಾನರುಗಳು. ಪ್ರತಿಯೊಂದಕ್ಕೂ ಅರಿಸಿನ, ಕುಂಕುಮ, ಒಂದೊಂದು ಸೇವಂತಿಗೆ. ಪೇಟೆಯಲ್ಲಿ ಸಿಗುತ್ತಿದ್ದ ಸ್ಪ್ಯಾನರುಗಳು ಇಂಚಿನ ಅಳತೆಯವು, ಈ ಕಾರಿಗೆ ಕೂರುತ್ತಿರಲಿಲ್ಲ. ಇದ್ದ ಹದಿನೇಳು ಅದೊಂದೇ.

ದೇವರಮನೆಯ ಹೊಸ್ತಿಲಲ್ಲಿ ನಿಂತು ಮೆಲ್ಲಗೆ, "ಅಕ್ಕ, ಆ ಸ್ಪ್ಯಾನರ್ ಒಂದು ಕೊಡ್ತೀಯಾ, ಐದು ನಿಮಿಷ" ಎಂದೆ.

"ಪೂಜೆಗೆ ಇಟ್ಟಿದ್ದನ್ನ ಇವತ್ತು ಮುಟ್ಟಬಾರ್ದು ಕಣೋ. ನಾಳೆ ತಗೋ. ಯಾಕೆ?"

"ಏನಿಲ್ಲ, ಒಂದು ಸಣ್ಣ ಕೆಲಸ."

"ಸಣ್ಣ ಕೆಲಸ ಅಂತೀಯ, ಒಂದು ದಿನ ಕಾಯಲ್ವಾ? ಹೋಗು, ಸ್ನಾನ ಮಾಡು."

ಅದೂ ಸರಿಯೇ ಅನ್ನಿಸಿತು. ಆಯುಧಕ್ಕೆ ರಜೆ ಎಂದಮೇಲೆ ಕಾರಿಗೂ ರಜೆ ತಾನೆ? ಕಾರಿನ ಪೂಜೆಯೂ ಆಯಿತು. ಅಕ್ಕ ಮುಂದಿನ ಮುಚ್ಚಳಕ್ಕೆ ಕುಂಕುಮ ಹಚ್ಚಿದರೆ ಭಾವ, "ಅದು ಹೊಟ್ಟೆ ಕಣೇ, ಎದೆ ಹಿಂದಿದೆ" ಎಂದು ಅವಳನ್ನು ಹಿಂದಕ್ಕೆ ಕರೆದೊಯ್ದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಭಾವ ಗಾಡಿಯನ್ನು ಒಂದು ಮಾರು ಮುಂದಕ್ಕೆ ಬಿಟ್ಟು ನಿಲ್ಲಿಸಿದರು. ನಾನು ಹೋಳಿಗೆ ಊಟ ಮಾಡಿ ನಡುಮನೆಯಲ್ಲಿ ಬಿದ್ದುಕೊಂಡೆ. ನಿದ್ದೆಯ ಮಂಪರಿನಲ್ಲಿ ಟಕ್ ಟಕ್ ಕೇಳಿಸಿತು. ಕೇಳಿಸಿತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ನಾನು ಮಗ್ಗುಲು ಬದಲಿಸಿದೆ.

ಹೂವಿನ ಹಾರ ಹಾಕಿದ ಕಾರನ್ನು ನಾಲ್ಕು ಜನಕ್ಕೆ ತೋರಿಸುವ ಆಸೆ ಭಾವನಿಗೆ. ಬುಲ್ ಟೆಂಪಲ್ ರಸ್ತೆಯ ಇಳಿಜಾರಿನಲ್ಲಿ ಮುಂದಿನ ಚಕ್ರ ಸ್ಟೇರಿಂಗಿನ ಮಾತು ಕೇಳಲಿಲ್ಲ. ಕಾರು ರಸ್ತೆ ಬಿಟ್ಟು ಮರಕ್ಕೆ ಹೊಡೆಯಿತು. ಜನ ಬಂದು ನನ್ನನ್ನು ಎಬ್ಬಿಸಿದಾಗ ಎಲ್ಲ ಮುಗಿದಿತ್ತು.

"ಸ್ಪೋರ್ಟ್ಸ್ ಕಾರು ನೋಡಿ, ವೇಗ ಹೋಗಿರ್ತಾರೆ" ಎಂದರು ಎದುರು ಮನೆಯ ಮೇಷ್ಟ್ರು. ಆ ಮಾತು ಹೆಣ ಎತ್ತುವ ಮೊದಲೇ ಬೀದಿಯೆಲ್ಲ ಹಬ್ಬಿತು. ಬಂದವರೆಲ್ಲ ಅಕ್ಕನ ಮುಂದೆ ಕೂತು, ಅಷ್ಟು ವೇಗ ಯಾಕೆ ಹೋಗಬೇಕಿತ್ತು, ಮನೆಯಲ್ಲಿ ಹೆಂಡತಿ ಇದ್ದಾಳೆ ಅನ್ನುವುದಾದರೂ ಬೇಡವೇ ಎಂದರು. ಅಕ್ಕ ತಲೆ ಬಗ್ಗಿಸಿ ಕೇಳಿದಳು. ನಾನೂ ಕೇಳಿದೆ.

ಹದಿಮೂರು ದಿನ ಕಳೆದ ಮೇಲೆ ಆಫೀಸಿಗೆ ಹೊರಟಾಗ, ಒಗೆದು ಮಡಿಸಿಟ್ಟಿದ್ದ ಶರ್ಟು ಹಾಕಿಕೊಂಡೆ. ಜೇಬಿನಲ್ಲಿ ಪಿನ್ನು ಚುಚ್ಚಿತು. ಅಂದಿನಿಂದ ಅದು ನನ್ನ ಕ್ಷೌರದ ಡಬ್ಬಿ ಸೇರಿತು. ದಿನಾ ಬೆಳಿಗ್ಗೆ ಮುಖ ನೋಡಿಕೊಳ್ಳುವ ಮೊದಲು ಅದನ್ನು ನೋಡುತ್ತಿದ್ದೆ.

ಕಾರನ್ನು ಗುಜರಿಗೆ ಹಾಕೋಣವೇ ಎಂದು ಕೇಳಿದ್ದಕ್ಕೆ ಅಕ್ಕ, "ಬೇಡ. ರಿಪೇರಿ ಮಾಡು. ಅವರ ಕಾರು, ಹಾಗೇ ಬಿಡ್ಬೇಡ" ಎಂದಳು. ಮುಂಭಾಗದ ತಗಡು ನೆಟ್ಟಗೆ ಮಾಡಲು ಕಲಾಸಿಪಾಳ್ಯದಿಂದ ಒಬ್ಬ ವಯಸ್ಸಾದ ಮೇಸ್ತ್ರಿ ಬಂದರು. ಕೆಳಗೆ ಬಗ್ಗಿ ನೋಡಿದವರು, "ಇದಕ್ಕೆ ಪಿನ್ ಹಾಕಿರ್ಲಿಲ್ವಾ ಸಾಬ್?" ಎಂದರು.

"ಹಾಕಿತ್ತು. ಮುರಿದುಹೋಗಿರ್ಬೇಕು."

ಮೇಸ್ತ್ರಿ ನನ್ನ ಮುಖ ನೋಡಿದರು. ಆಮೇಲೆ ಸುತ್ತಿಗೆ ಎತ್ತಿಕೊಂಡರು.

ಮುಂದಿನ ಎಂಟು ವರ್ಷ ನನ್ನ ಭಾನುವಾರಗಳೆಲ್ಲ ಆ ಶೆಡ್ಡಿಗೆ ಹೋದವು. ಒಂದು ದೀಪದ ಗಾಜಿಗೆ ಒಂದು ವರ್ಷ, ಒಂದು ರಬ್ಬರಿಗೆ ಎರಡು ಮಳೆಗಾಲ. ಹದಿನೇಳನೇ ನಂಬರಿನ ಸ್ಪ್ಯಾನರು ಮಾತ್ರ ಆ ಗದ್ದಲದಲ್ಲಿ ಎಲ್ಲಿ ಹೋಯಿತೋ, ಸಿಗಲಿಲ್ಲ. ಇಂಚಿನದೊಂದನ್ನು ಅರದಲ್ಲಿ ಉಜ್ಜಿಸಿ ಕೆಲಸ ನಡೆಸಿದೆ. ಭಾವನ ಸೀಟನ್ನು ನಾನು ಮುಂದಕ್ಕೆ ಎಳೆಯಲಿಲ್ಲ. ಅವರು ಎತ್ತರದ ಆಳು, ನನ್ನ ಕಾಲು ಪೆಡಲಿಗೆ ತುದಿ ಬೆರಳಲ್ಲಿ ಎಟಕುತ್ತಿತ್ತು. ಸೀಟು ಎಳೆದರೆ ಅವರನ್ನು ಎಬ್ಬಿಸಿ ಕೂತ ಹಾಗಾಗುತ್ತದೆ ಅನ್ನಿಸುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಶೆಡ್ಡಿನಿಂದ ಸದ್ದು ಬರುತ್ತಿತ್ತು. ಟಕ್ ಟಕ್. ಬಿಸಿಲಿಗೆ ಕಾದ ತಗಡು ಸಂಜೆ ತಣ್ಣಗಾಗುವಾಗ ಸದ್ದು ಮಾಡುತ್ತದೆ, ನಾನೂ ವಿಜ್ಞಾನ ಓದಿದವನೇ. ಆದರೆ ತಗಡಿಗೆ ಎರಡೇ ಸಲ ಬಡಿದು ನಿಲ್ಲಿಸಬೇಕೆಂದು ಯಾರು ಹೇಳಿಕೊಟ್ಟರು? ನನಗೆ ಭಯವಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು. ಸದ್ದು ಬಂದಾಗ ಅಕ್ಕನ ಕಡೆ ನೋಡುತ್ತಿದ್ದೆ. ಅವಳ ಕೈಯಲ್ಲಿದ್ದ ಹೂಬತ್ತಿ ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೆ.

ಅವಳು ಆಯುಧ ಪೂಜೆ ಮಾಡುವುದನ್ನೇ ಬಿಟ್ಟಿದ್ದಳು. ಈಳಿಗೆಮಣೆಗೂ ಕುಂಕುಮವಿಲ್ಲ. ದೇವರ ಮೇಲಿನ ಸಿಟ್ಟು ಎಂದುಕೊಂಡಿದ್ದೆ. ಎಷ್ಟೋ ಸಲ ಹೇಳಿಬಿಡಬೇಕೆಂದು ಅವಳ ಮುಂದೆ ಕೂತೆ. ಹೇಳಿದರೆ, ಸ್ಪ್ಯಾನರು ಕೇಳಿದ್ದು, ಅವಳು ಕೊಡದಿದ್ದದ್ದು, ಅದೂ ಹೇಳಿದ ಹಾಗಾಗುತ್ತದೆ. ಆ ಭಾರ ಅವಳ ತಲೆಗೆ ಹಾಕಬಾರದು ಎಂದು ಎದ್ದು ಬರುತ್ತಿದ್ದೆ. ಎಂಥ ಒಳ್ಳೆಯ ತಮ್ಮ! ನಿಜ ಹೇಳಬೇಕೆಂದರೆ ನನಗೆ ಧೈರ್ಯವಿರಲಿಲ್ಲ.

ಎಂಟನೆಯ ವರ್ಷ ಕಾರು ಸಿದ್ಧವಾಯಿತು. ಸ್ಟೇರಿಂಗಿನ ಹೊಸ ಕೀಲೊಂದು ಬಾಕಿ. ಅದನ್ನು ನಾನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ. ಆಯುಧ ಪೂಜೆಯ ಬೆಳಿಗ್ಗೆ ಕೀಲು ಕೂರಿಸಿ, ನಟ್ಟನ್ನು ಕೈಯಲ್ಲಿ ಹತ್ತಿಸಿ, ಕಾರಿನ ಕೆಳಗೆ ಸುಮ್ಮನೆ ಮಲಗಿದ್ದೆ. ಅಕ್ಕನ ಪಾದ ಕಾಣಿಸಿತು. ಆ ಎಂಟು ವರ್ಷದಲ್ಲಿ ಅವಳು ಶೆಡ್ಡಿಗೆ ಕಾಲಿಟ್ಟಿರಲಿಲ್ಲ. ತೆವಳಿ ಹೊರಗೆ ಬಂದೆ. ಅವಳ ಕೈಯಲ್ಲಿ ಪೂಜೆಯ ತಟ್ಟೆ. ತಟ್ಟೆಯಲ್ಲಿ ಹದಿನೇಳನೇ ನಂಬರಿನ ಸ್ಪ್ಯಾನರು. ಹಳೆಯ ಕುಂಕುಮ ಕಪ್ಪಾಗಿ ಅದಕ್ಕೆ ಅಂಟಿಕೊಂಡಿತ್ತು.

"ಆವತ್ತು ಕೇಳಿದ್ಯಲ್ಲ, ತಗೋ" ಎಂದಳು. "ಇವತ್ತೇ ಬಿಗಿ ಮಾಡು. ನಾಳೆ ಅನ್ಬೇಡ."

"ಅಕ್ಕ, ಆ ಪಿನ್ನು ನನ್ನ ಜೇಬಲ್ಲೇ..."

"ಗೊತ್ತು ಕಣೋ. ಶರ್ಟು ಒಗೆಯೋವಾಗ ಸಿಕ್ತು. ಜೆ.ಸಿ. ರಸ್ತೆ ಅಂಗಡಿಗೆ ಹೋಗಿ ಯಾವುದಕ್ಕೆ ಹಾಕೋದು ಇದು ಅಂತ ಕೇಳಿದೆ, ಸ್ಟೇರಿಂಗ್ ನಟ್ಟು ಕಳಚದ ಹಾಗೆ ಹಾಕೋದು ಅಂದ್ರು. ವಾಪಸ್ ತಂದು ಜೇಬಲ್ಲೇ ಇಟ್ಟೆ. ನೀನಾಗೇ ಹೇಳ್ತೀಯ ಅಂತ ಕಾದೆ."

ಒಗೆದ ಶರ್ಟಿನ ಜೇಬಿನಲ್ಲಿ ಪಿನ್ನು ಹೇಗೆ ಉಳಿಯಿತೆಂದು ಎಂಟು ವರ್ಷ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ನೀನ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನಾನು ಸ್ಪ್ಯಾನರ್ ಕೊಡ್ಲಿಲ್ಲ ಅನ್ನೋದೂ ಬರ್ತಿತ್ತಲ್ಲ. ನಾವಿಬ್ರೂ ನಮ್ಮನ್ನ ಉಳಿಸ್ಕೊಂಡ್ವಿ ಕಣೋ. ಅವರ ಮೇಲೆ ಹಾಕಿಬಿಟ್ವಿ." ಅವಳು ಅಳಲಿಲ್ಲ. ನಾನು ಅತ್ತೆ, ಗ್ರೀಸಿನ ಕೈಯಲ್ಲೇ ಮುಖ ಒರೆಸಿಕೊಂಡೆ.

ನಟ್ಟು ಬಿಗಿ ಮಾಡಿದೆ. ಕ್ಷೌರದ ಡಬ್ಬಿಯಿಂದ ಆ ಪಿನ್ನನ್ನೇ ತಂದು ಹಾಕಿ, ತುದಿ ಮಡಚಿದೆ. ಅಕ್ಕ ಬಗ್ಗಿ ಕೂತು ಟಾರ್ಚು ಹಿಡಿದಿದ್ದಳು. ಆಮೇಲೆ ಕೈತೊಳೆದು, ಸೀಟನ್ನು ಮುಂದಕ್ಕೆ ಎಳೆದು ಕೂತೆ. ಅವಳು ಪಕ್ಕದಲ್ಲಿ ಕೂತಳು. ಗೇಟಿನಿಂದ ಹೊರಗೆ ಬಂದಾಗ ಎದುರು ಮನೆಯ ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಕನ್ನಡಕ ಮೇಲೆತ್ತಿ, "ಹುಷಾರಪ್ಪಾ, ನಿಮ್ಮ ಭಾವನ ಥರ ವೇಗ ಹೋಗ್ಬೇಡ" ಎಂದರು.

"ನಿಲ್ಸು" ಎಂದಳು ಅಕ್ಕ. ನಿಲ್ಲಿಸಿದೆ. ಅವಳು ಕಿಟಕಿಯ ಗಾಜು ಪೂರ್ತಿ ಕೆಳಗಿಳಿಸಿದಳು.

"ಅವರು ವೇಗ ಹೋಗಿರ್ಲಿಲ್ಲ ಮೇಷ್ಟ್ರೇ. ನಟ್ಟು ಸಡಿಲ ಇತ್ತು. ಇವನು ಬಿಗಿ ಮಾಡಿರ್ಲಿಲ್ಲ, ಇವನು ಸ್ಪ್ಯಾನರ್ ಕೇಳಿದಾಗ ನಾನು ಕೊಡ್ಲಿಲ್ಲ. ಅವರದ್ದೇನೂ ತಪ್ಪಿಲ್ಲ. ನಾಲ್ಕು ಜನಕ್ಕೆ ಹೇಳಿ."

ನಾನು ಗಾಡಿ ಬಿಟ್ಟೆ. ಬುಲ್ ಟೆಂಪಲ್ ರಸ್ತೆಯ ಇಳಿಜಾರಿನಲ್ಲಿ ಹೂವಿನ ಹಾರ ಹಾಕಿದ ಸೈಕಲ್ಲಿನವನೊಬ್ಬ ಬೆಲ್ ಹೊಡೆದು ನಮ್ಮನ್ನು ದಾಟಿ ಹೋದ. ಆ ಮರದ ಹತ್ತಿರ ಅಕ್ಕ ಕೈ ಮುಗಿದಳು.

ಅಂದಿನಿಂದ ಶೆಡ್ಡಿನ ಸದ್ದು ನಿಂತಿತೆಂದು ಬರೆದರೆ ಸುಳ್ಳಾಗುತ್ತದೆ. ಅದೇ ಸಂಜೆ ದೀಪದ ಹೊತ್ತಿಗೆ ಮತ್ತೆ ಬಂತು, ಎರಡೇ ಸಲ. ಅಕ್ಕ ಹೂಬತ್ತಿಯನ್ನು ದೀಪದಲ್ಲಿಟ್ಟು ಶೆಡ್ಡಿನ ಕಡೆ ತಿರುಗಿ, "ಹೇಳಿ ಆಯ್ತು ರೀ" ಎಂದಳು.