ಹಳೇಬೀಡಿನಲ್ಲಿ ಜಪಾನಿ ಕಾಗುಣಿತ

೧೯೯೮ರಲ್ಲಿ ನಾನು ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದೆ. ಗೈಡುಗಳಲ್ಲಿ ಹೆಂಗಸು ನಾನೊಬ್ಬಳೇ. ವಿದೇಶಿ ತಂಡಗಳು ಹಿರಿಯ ಗೈಡ್ ರುದ್ರಪ್ಪನವರಿಗೆ, ಶಾಲಾ ಪ್ರವಾಸದ ಮಕ್ಕಳು ನನಗೆ ಎಂಬುದು ಯಾರೂ ಬರೆಯದ ಕಾನೂನು. ಆ ಡಿಸೆಂಬರಿನಲ್ಲಿ ಬೆಂಗಳೂರಿನ ಟ್ರಾವೆಲ್ ಏಜೆಂಟರೊಬ್ಬರು ಜಪಾನಿನ ಎಂಟು ಮಂದಿ ನಿವೃತ್ತ ಶಿಕ್ಷಕರನ್ನು ನನಗೆ ಒಪ್ಪಿಸಿ ನೋಡಿದರು. ಅವರು ಮೆಚ್ಚಿದರೆ ಮುಂದಿನ ಜಪಾನಿ ತಂಡಗಳೂ ನನ್ನವು. ಇಲ್ಲದಿದ್ದರೆ ಮತ್ತೆ ಶಾಲಾ ಮಕ್ಕಳೇ.

ಅವರಿಗೆ ಲಿಪಿಗಳಲ್ಲಿ ಆಸಕ್ತಿ ಎಂದು ಏಜೆಂಟರು ಹೇಳಿದ್ದರು. ಹಾಸನದ ಗ್ರಂಥಾಲಯದಲ್ಲಿ ವಾರಗಟ್ಟಲೆ ಕೂತು ಟಿಪ್ಪಣಿ ಮಾಡಿ ಬಾಯಿಪಾಠ ಹಾಕಿದೆ. ರುದ್ರಪ್ಪನವರು ನಕ್ಕರು.

"ಆನೆ ಸಾಲು ತೋರ್ಸಿ ಕಳ್ಸಮ್ಮ. ಅಕ್ಸರದ ಉಸಾಬರಿ ನಿಂಗ್ಯಾಕೆ?"

ನನಗೆ ಹಟ ಹುಟ್ಟಿತು.

ತಂಡ ಬಂದ ದಿನ ಶಾಸನದ ಕಲ್ಲಿನ ಮುಂದೆ ನಿಂತು ಶುರು ಮಾಡಿದೆ. ಚೀನಾದ ಲಿಪಿ ಮೂಳೆ, ಆಮೆ ಚಿಪ್ಪುಗಳ ಮೇಲೆ ಗೀರಿದ ಗುರುತುಗಳಿಂದ ಬೆಳೆದದ್ದು. ಅದನ್ನೇ ಎರವಲು ತಂದು ಸರಳಗೊಳಿಸಿ ಜಪಾನಿನವರು 'ಕಾನಾ' ಎಂಬ ಅಕ್ಷರಗಳನ್ನು ಮಾಡಿಕೊಂಡರು. ಕೊರಿಯಾದಲ್ಲಿ ಮಾತ್ರ ಒಬ್ಬ ರಾಜ ನಾಲಿಗೆ, ತುಟಿಗಳ ಆಕಾರ ನೋಡಿ ಹೊಸ ಲಿಪಿಯನ್ನೇ ಕಟ್ಟಿದ. ತಂಡದ ಜೊತೆ ಬಂದಿದ್ದ ದುಭಾಷಿ ಇದನ್ನೆಲ್ಲ ಅನುವಾದಿಸಿದಂತೆ ಅವರ ಮುಖದಲ್ಲಿ ಬರೀ ವಿನಯದ ನಗೆ. ಒಬ್ಬರು ಗಡಿಯಾರ ನೋಡಿದರು. ಆಗ ಹೊಳೆಯಿತು: ಜೀವಮಾನವೆಲ್ಲ ಅಕ್ಷರ ಕಲಿಸಿದವರಿಗೆ ನಾನು ಅವರದೇ ಅಕ್ಷರದ ಕಥೆ ಹೇಳುತ್ತಿದ್ದೆ. ಕಮ್ಮಾರರ ಬೀದಿಯಲ್ಲಿ ಸೂಜಿ ಮಾರಾಟ!

ಬಾಯಿಪಾಠ ಅಲ್ಲಿಗೇ ಬಿಟ್ಟೆ. "ಒಂದನೇ ಕ್ಲಾಸಿನ ಮಕ್ಕಳಿಗೆ ನೀವು ಹೇಗೆ ಕಲಿಸ್ತಿದ್ರಿ? ಒಂಚೂರು ಹೇಳಿ ತೋರಿಸಿ" ಎಂದು ಕೇಳಿದೆ. ಎಲ್ಲರಿಗಿಂತ ಹಿರಿಯಾಕೆ ಕೈಕಟ್ಟಿ ನಿಂತು ರಾಗವಾಗಿ ಆರಂಭಿಸಿದರು: "ಅ ಇ ಉ ಎ ಒ, ಕ ಕಿ ಕು ಕೆ ಕೊ..."

ನಮ್ಮ ಕಾಗುಣಿತ! ದೀರ್ಘಗಳನ್ನೂ ಒಂದೆರಡು ಸ್ವರಗಳನ್ನೂ ಬಿಟ್ಟರೆ ಅದೇ ಕ್ರಮ. ನಮ್ಮೂರು ಹಗರೆಯ ಶಾಲೆಯಲ್ಲಿ ಕಲಿತ ರಾಗದಲ್ಲೇ ನಾನು "ಮ ಮಾ ಮಿ ಮೀ ಮು ಮೂ" ಎಂದು ಹಾಡಿದೆ. ಆಕೆ ಕಣ್ಣರಳಿಸಿ "ಮ ಮಿ ಮು ಮೆ ಮೊ" ಎಂದರು. ಆಮೇಲೆ ಆಕೆ ಹೇಳಿದ್ದನ್ನು ದುಭಾಷಿ ತಿಳಿಸಿದರು: "ನಮ್ಮ ಅಕ್ಷರಗಳ ರೂಪ ಚೀನಾದ್ದು, ಜೋಡಿಸಿದ ಕ್ರಮ ಬೌದ್ಧ ಭಿಕ್ಷುಗಳ ಮೂಲಕ ಭಾರತದಿಂದ ಬಂದದ್ದು ಅಂತ ಓದಿದ್ದೆ. ಕಿವಿಯಾರೆ ಕೇಳಿದ್ದು ಇವತ್ತೇ."

ಮುಂದಿನ ಅರ್ಧ ಗಂಟೆ ನಾನೊಂದು ಸಾಲು, ಅವರೊಂದು ಸಾಲು. ಗದ್ದಲ ಕೇಳಿ ರುದ್ರಪ್ಪನವರು ಓಡಿ ಬಂದರು. "ಇದೇನಮ್ಮ, ದೇವಸ್ತಾನನ ಇಸ್ಕೂಲ್ ಮಾಡ್ಬುಟ್ಟೆ!" ನನಗೋ ಹಿಗ್ಗು ತಡೆಯಲಾಗಲಿಲ್ಲ.

ಅಲ್ಲಿಂದಾಚೆ ಆ ಏಜೆಂಟರ ಜಪಾನಿ ತಂಡಗಳೆಲ್ಲ ನನಗೇ ಬಂದವು. ಒಂದು ದಿನ ರುದ್ರಪ್ಪನವರೇ ಬಂದು "ಆ ಜಪಾನಿ ಸಾಲು ನಂಗೂ ಒಸಿ ಹೇಳ್ಕೊಡು ಕಣಮ್ಮ" ಎಂದರು. ಹೇಳಿಕೊಟ್ಟೆ. ಗೈಡ್ ಕೆಲಸ ನನಗೆ ಕಲಿಸಿದ್ದು ಇಷ್ಟು: ಬಂದವರಿಗೆ ಗೊತ್ತಿರುವುದನ್ನು ಮೊದಲು ಅವರ ಬಾಯಿಂದಲೇ ಕೇಳಬೇಕು. ಹೇಳಲು ನಮ್ಮಲ್ಲಿ ಏನಿದೆ ಎಂಬುದು ನಮಗೂ ಆಮೇಲೆಯೇ ಗೊತ್ತಾಗುವುದು.